ಪಾದರಸನ ಅಕ್ಕ

ನಮ್ಮ ಬೀದಿಯ ಲಿಫ್ಟ್ ಮೆಕ್ಯಾನಿಕ್‌ಗೆ ಪಾದರಸ ಎಂಬ ಹೆಸರನ್ನು ಯಾರು ಇಟ್ಟರೋ, ಹೇಳಿ ಮಾಡಿಸಿದ ಹಾಗಿತ್ತು. ಅವನು ಊಟ ಮಾಡುವುದು ನಿಂತೇ. ಯಾರ ಮನೆಗೆ ಹೋದರೂ, ಅವರು ಕುರ್ಚಿ ಎಳೆದು ಕೊಡುವಷ್ಟರಲ್ಲಿ ಅವರ ಕಿಟಕಿಯ ಸಡಿಲ ತಿರುಪನ್ನು ಬಿಗಿ ಮಾಡುತ್ತಿರುತ್ತಿದ್ದ. ಒಮ್ಮೆ ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ಕತ್ತಿ ಬರುವ ಹೊತ್ತಿಗೆ ಫೋನ್ ಬಂತೆಂದು ಎದ್ದುಹೋದವನು ಸಂಜೆಯವರೆಗೂ ಅರ್ಧ ಗಡ್ಡದಲ್ಲೇ ಊರು ಸುತ್ತಿದ್ದ. ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡು ಒದ್ದಾಡುವಾಗ ಗಡ್ಡ ನೋಡಿಕೊಂಡು ಕೂರುವುದಕ್ಕಾಗುತ್ತದೆಯೇ ಎಂಬುದು ಅವನ ವಾದ.

ಅವನನ್ನು ಸಾಕಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅಕ್ಕ ಆಗಷ್ಟೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದ್ದಳು. ಎದುರಿಗೆ ತೂತುಗಳ ದೊಡ್ಡ ಹಲಗೆ, ಎರಡು ಕೈಯಲ್ಲೂ ವೈರು. ಈ ಊರಿನ ಮಾತನ್ನು ಆ ಊರಿಗೆ ಜೋಡಿಸುವುದು, ಮುಗಿದ ಮೇಲೆ ಕಿತ್ತುಹಾಕುವುದು. ಆ ಹಲಗೆ ಗುಜರಿ ಸೇರಿದ ಮೇಲೂ ಆಫೀಸಿನಲ್ಲಿ ಬೇರೆ ಕುರ್ಚಿಯಲ್ಲಿ ಕೂತು ನಿವೃತ್ತಳಾದಳು. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಕೇಳಿದವರಿಗೆ, ದಿನವಿಡೀ ಗಂಡ ಹೆಂಡಿರ ಜಗಳ ಕಿವಿಗೆ ಹಾಕಿಕೊಂಡೇ ಸಾಕಾಯಿತು, ಮನೆಯಲ್ಲೂ ಬೇಕೇ ಎನ್ನುತ್ತಿದ್ದಳು. ತಮ್ಮನ ಸಂಸಾರದ ಜೊತೆಗೇ ಇದ್ದಳು.

ಕಾಯಿಲೆ ಮೊದಲು ಗೊತ್ತಾದದ್ದು ಫ್ರಿಜ್ಜಿನಿಂದ. ಹಾಲು ಮೇಲಿಂದ ಮೇಲೆ ಒಡೆಯುತ್ತಿತ್ತು. ಪಾದರಸ ಫ್ರಿಜ್ಜನ್ನು ಬಿಚ್ಚಿ, ಎಲ್ಲ ಭಾಗಗಳನ್ನೂ ನೆಲದ ಮೇಲೆ ಹರಡಿ, ಮತ್ತೆ ಜೋಡಿಸಿದ. ಮರುದಿನವೂ ಹಾಲು ಒಡೆಯಿತು. ಕೊನೆಗೆ ಅವನ ಹೆಂಡತಿ ಕಣ್ಣಾರೆ ಕಂಡಳು: ಅಕ್ಕ ಮೆಲ್ಲಗೆ ಬಂದು ಪ್ಲಗ್ ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟು ಹೋಗುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, ಮಾತು ಮುಗಿಯಿತಲ್ಲ ಎಂದಳಂತೆ.

ಡಾಕ್ಟರು ಡಿಮೆನ್ಶಿಯಾ ಎಂದರು. ಮರೆವು ಹೆಚ್ಚುತ್ತಾ ಹೋಗುತ್ತದೆ, ಹಿಂದಕ್ಕೆ ತರುವ ಔಷಧಿ ಇಲ್ಲ ಎಂದರು. ಪಾದರಸನಿಗೆ ಆ ಮಾತು ಕಿವಿಯೊಳಗೆ ಇಳಿಯಲೇ ಇಲ್ಲ. ಸ್ವಿಚ್ಚುಗಳಿಗೆಲ್ಲ ಮುಚ್ಚಳ ಹಾಕಿದ, ಗ್ಯಾಸಿಗೆ ಬೀಗ ಹಾಕಿದ. ಅಕ್ಕನ ಕಾಲು ಒಂದು ಕಡೆ ನಿಲ್ಲದಂತಾಗಿ, ಹೊತ್ತಿಲ್ಲ ಗೊತ್ತಿಲ್ಲ ಎದ್ದು ಹೊರಡತೊಡಗಿದಾಗ, ಬಾಗಿಲಿಗೆ ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಚಿಲಕ ಕೂರಿಸಿದ. ಡ್ಯೂಟಿಗೆ ಹೊತ್ತಾಯಿತು ಎಂದು ಅಕ್ಕ ಬಾಗಿಲನ್ನು ಪರಚುವಳು. ಬೈಯುವಳು. ಆಮೇಲೆ ಅಳುವಳು. ಚಿಲಕ ಹಾಕಿದವನು ಕೆಲಸಕ್ಕೆ ಹೋಗಿಬಿಡುತ್ತಿದ್ದ; ಒಳಗೆ ಉಳಿಯುತ್ತಿದ್ದವಳು ಹೆಂಡತಿ. ಮನೆಯಲ್ಲೇ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದ ಅವಳು ಒಂದು ತೋಳು ಹೊಲಿಯುವಷ್ಟರಲ್ಲಿ ನಾಲ್ಕು ಸಲ ಏಳಬೇಕಾಗುತ್ತಿತ್ತು.

"ಚಿಲಕ ಹಾಕಿದ್ದು ಅಕ್ಕಂಗೆ ಮಾತ್ರ ಅಂದ್ಕೊಂಡ್ರಾ? ನಾನೂ ಒಳಗೇ ಇದೀನಿ," ಎಂದಳು ಒಂದು ದಿನ. ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಒಂದು ಮಧ್ಯಾಹ್ನ ಯೂನಿಫಾರ್ಮ್ ಅಂಗಡಿಯವನು ಬಟ್ಟೆಯ ಗಂಟು ತಂದುಕೊಟ್ಟು ಹೋದ. ಹೆಂಡತಿ ಅದನ್ನು ಒಳಗಿಟ್ಟು ತಿರುಗುವುದರೊಳಗೆ ಬಾಗಿಲು ತೆರೆದಿತ್ತು, ಅಕ್ಕ ಇರಲಿಲ್ಲ. ಅವಳು ಬರಿಗಾಲಲ್ಲೇ ಬೀದಿಗಿಳಿದು ಗಂಡನಿಗೆ ಫೋನ್ ಮಾಡಿದಾಗ, ಅವನು ಬೀದಿಯ ತುದಿಯ ಹೊಸ ಕಟ್ಟಡದತ್ತ ಓಡುತ್ತಿದ್ದ. ಅಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು, ಒಳಗೆ ಜನರಿದ್ದರು. ಅವರನ್ನು ಬಿಟ್ಟು ಅಕ್ಕನನ್ನು ಹುಡುಕಲು ಹೋಗುವುದೇ, ಅಕ್ಕನನ್ನು ಬಿಟ್ಟು ಇವರನ್ನು ಇಳಿಸುವುದೇ? ಇದನ್ನು ಬೇಗ ಮುಗಿಸಿ ಓಡಿದರಾಯಿತೆಂದು ಬಾಗಿಲ ಸಂದಿಗೆ ಬಾಯಿಟ್ಟು, ಒಳಗೆ ಯಾರಿದ್ದೀರಿ, ಹೆದರಬೇಡಿ ಎಂದು ಕೂಗಿದ.

ಒಳಗಿಂದ ಹೆಣ್ಣುದನಿಯೊಂದು ತಣ್ಣಗೆ ಉತ್ತರ ಕೊಟ್ಟಿತು. "ಲೈನ್ ಬ್ಯುಸಿ ಇದೆ. ಸ್ವಲ್ಪ ಕಾಯ್ರಿ."

ಅವನ ಕೈಯಿಂದ ಪಾನಾ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳದೆಯೇ ಬೀಗದ ಕೈ ತೂತಿಗೆ ಹಾಕಿ ತಿರುವಿದ. ಬಾಗಿಲು ಸರಿಸಿದಾಗ ಅಕ್ಕ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದಳು. ಪಕ್ಕದಲ್ಲಿ ಹೆಗಲಿಗೆ ಚೀಲ ಹಾಕಿದ, ನಡುವಯಸ್ಸು ದಾಟಿದ ಒಬ್ಬ ಹೆಂಗಸೂ ನೆಲದ ಮೇಲೆಯೇ ಕೂತಿದ್ದರು. ಇಬ್ಬರೂ ಯಾವುದೋ ಊರಿಗೆ ಲೈನ್ ಸಿಗದಿರುವ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರು.

ಆಕೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸಮ್ಮ. ಆ ಕಟ್ಟಡದ ಮೇಲಿನ ಮಹಡಿಯಲ್ಲಿ ಕೊನೆಯ ದಿನಗಳಲ್ಲಿದ್ದ ಒಬ್ಬರನ್ನು ನೋಡಲು ಬಂದಿದ್ದರು. ಬಾಗಿಲಲ್ಲಿ ಅಕ್ಕನ ನಡಿಗೆ ನೋಡಿದೊಡನೆ ಅವರಿಗೆ ವಿಷಯ ಗೊತ್ತಾಗಿತ್ತು. ಅಕ್ಕ ಲಿಫ್ಟ್ ಹತ್ತಿದಳು, ಅವರೂ ಹತ್ತಿದರು. ಇದನ್ನು ಕೇಳಿ ಪಾದರಸನಿಗೆ ಸಿಟ್ಟು ನೆತ್ತಿಗೇರಿತು.

"ಗೊತ್ತಾದ ಮೇಲೂ ಯಾಕ್ರೀ ತಡೀಲಿಲ್ಲ?"

"ತಡೆದಿದ್ರೆ ಕಿತ್ಕೊಂಡು ಓಡ್ತಿದ್ರು," ಎಂದರು ನರ್ಸಮ್ಮ ಸೀರೆ ಕೊಡವಿಕೊಳ್ಳುತ್ತಾ. "ಜೊತೆಗೆ ಹೋದ್ರೆ ಎಲ್ಲಿದಾರೆ ಅಂತಾನಾದ್ರೂ ಗೊತ್ತಿರುತ್ತೆ."

ಅಷ್ಟರಲ್ಲಿ ಬೀದಿಯೆಲ್ಲ ಹುಡುಕುತ್ತಾ ಏದುಸಿರು ಬಿಡುತ್ತಾ ಬಂದು ತಲುಪಿದ ಹೆಂಡತಿ, ಅಕ್ಕನ ಕೈ ಹಿಡಿದುಕೊಂಡು ಆ ಮಾತನ್ನು ಕೇಳಿಸಿಕೊಂಡಳು. ಅವಳ ಕಾಲಿನ ಹೆಬ್ಬೆರಳು ಎಡವಿ ರಕ್ತ ಸುರಿಯುತ್ತಿತ್ತು. ನರ್ಸಮ್ಮ ಅಲ್ಲೇ ಕೂರಿಸಿ ಪಟ್ಟಿ ಕಟ್ಟಿದರು. ಪಟ್ಟಿ ಕಟ್ಟುವಾಗಲೇ ಹಗಲು ಮನೆಯ ವಿಷಯ ಹೇಳಿದರು.

ಹಗಲು ಮನೆ ಎಂದರೆ ಹಿಂದಿನ ಬೀದಿಯಲ್ಲಿ ಮುಚ್ಚಿಹೋಗಿದ್ದ ಮುದ್ರಣಾಲಯ. ನರ್ಸಮ್ಮ, ಒಬ್ಬ ಡಾಕ್ಟರು ಮತ್ತು ಆ ಬೀದಿಯ ನಾಲ್ಕಾರು ಜನ ಸೇರಿ ಅದಕ್ಕೆ ಸುಣ್ಣ ಬಳಿದು ತೆರೆದಿದ್ದರು. ಮರೆವಿನ ಕಾಯಿಲೆಯವರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವುದು. ಬಾಗಿಲಿಗೆ ಬೀಗವಿಲ್ಲ. ಯಾರಾದರೂ ಹೊರಟರೆ ಜೊತೆಗೊಬ್ಬರು ಹೊರಡುತ್ತಾರೆ. ಹಾಸಿಗೆ ಹಿಡಿದ ಮೇಲೆ ಅದೇ ತಂಡ ಮನೆಗೆ ಬಂದು, ಕೊನೆಯವರೆಗೂ ನೋಡಿಕೊಳ್ಳುತ್ತದೆ. ಬೀಗವಿಲ್ಲದ ಮನೆಗೆ ಅಕ್ಕನನ್ನು ಕಳಿಸುವುದು ಹುಚ್ಚುತನ ಎಂದು ಪಾದರಸ ಹಾರಾಡಿದ. ಹೆಂಡತಿ ವಾದಕ್ಕಿಳಿಯಲಿಲ್ಲ. ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅಕ್ಕನಿಗೆ ತಲೆ ಬಾಚಿ, ಡ್ಯೂಟಿಗೆ ಹೊತ್ತಾಯಿತು ಬನ್ನಿ ಎಂದು ಕರೆದುಕೊಂಡು ಹೋದಳು.

ಬೀದಿಯ ಅಂಗಡಿಯವರಿಗೆಲ್ಲ ನರ್ಸಮ್ಮ ಪಾಠ ಮಾಡಿದರು. ನಾನ್ಯಾರು ಗೊತ್ತಾಯಿತೇ ಎಂದು ಪರೀಕ್ಷೆ ಮಾಡಬೇಡಿ, ಮೊದಲು ನೀವು ಯಾರೆಂದು ಹೇಳಿ. ಅವರು ಹೇಳಿದ್ದು ತಪ್ಪೆಂದು ವಾದ ಮಾಡಬೇಡಿ. ದಾರಿಗೆ ಅಡ್ಡ ನಿಲ್ಲಬೇಡಿ, ಪಕ್ಕದಲ್ಲಿ ನಡೆಯಿರಿ. ಇದನ್ನೆಲ್ಲ ಕೇಳಿದ ಕ್ಷೌರಿಕ, ವಾದ ಮಾಡಬಾರದೆನ್ನುವ ಪಾಠವನ್ನು ನಮ್ಮ ಮನೆಯವಳಿಗೂ ಒಂದು ದಿನ ಮಾಡಿಬಿಡಿ ಎಂದ. ಎಲ್ಲರೂ ನಕ್ಕರು. ಆದರೆ ಮುಂದಿನ ವಾರ ಅಕ್ಕ ಹಗಲು ಮನೆಯಿಂದ ಹೊರಬಿದ್ದಾಗ, ಕತ್ತರಿ ಕೆಳಗಿಟ್ಟು ಮೊದಲು ಎದ್ದವನು ಅವನೇ.

ಪಾದರಸ ಸುಮ್ಮನಿರುವ ಆಸಾಮಿಯಲ್ಲ. ಅಕ್ಕನಿಗೆ ಬೇಕಾದದ್ದು ಅವಳ ಹಳೆಯ ಕೆಲಸ ಎಂದು ಲೆಕ್ಕ ಹಾಕಿ, ಹಳೆಯ ಲಿಫ್ಟಿನ ಗುಂಡಿ, ದೀಪ, ವೈರುಗಳನ್ನೆಲ್ಲ ಕೂಡಿಹಾಕಿ ಎಕ್ಸ್‌ಚೇಂಜಿನಂಥದೇ ಒಂದು ಹಲಗೆ ಮಾಡಿದ. ವೈರು ಚುಚ್ಚಿದರೆ ದೀಪ ಹತ್ತುತ್ತಿತ್ತು. ಅದನ್ನು ಹೊತ್ತುಕೊಂಡು ಹಗಲು ಮನೆಗೆ ಹೋಗಿ ಅಕ್ಕನ ಮುಂದಿಟ್ಟ. ಅಕ್ಕ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ನಂದು ಡ್ಯೂಟಿ ಮುಗೀತು ಸಾರ್. ಬೇರೆ ಯಾರಿಗಾದ್ರೂ ಹೇಳಿ," ಎಂದು ಎದ್ದು ಹೊರಟೇಬಿಟ್ಟಳು.

ಸಾಕಿದ ತಮ್ಮನನ್ನೇ ಅವಳು ಸಾರ್ ಎಂದಿದ್ದಳು. ಅವನು ಹಲಗೆಯನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೋದ. ಅಕ್ಕ ಬಲಕ್ಕೆ ತಿರುಗಿದರೆ ಬಲಕ್ಕೆ, ನಿಂತರೆ ನಿಂತ. ಔಷಧಿ ಅಂಗಡಿ, ಬಸ್ ನಿಲ್ದಾಣ, ಮತ್ತೆ ಔಷಧಿ ಅಂಗಡಿ. ಎಲ್ಲಿಗೆ ಎಂದು ಕೇಳಬೇಕೆನಿಸಿದರೂ ಬಾಯಿ ಬಿಗಿಹಿಡಿದ. ಮೂರನೇ ಸುತ್ತಿನಲ್ಲಿ ಅಕ್ಕ ತಾನಾಗಿಯೇ ಅವನ ತೋಳಿಗೆ ಕೈ ಹಾಕಿ, ನಿನಗೆ ಯಾವ ಊರಿಗೆ ಮಾತಾಡಬೇಕಪ್ಪಾ ಎಂದು ಕೇಳಿದಳು. ಅಂದಿನಿಂದ ಕೆಲಸದ ನಡುವೆ ಬಿಡುವಾದಾಗಲೆಲ್ಲ ಅವನು ಹಗಲು ಮನೆಯ ಹತ್ತಿರ ಕಾಣಿಸತೊಡಗಿದ. ತನ್ನ ಮನೆಯ ಬಾಗಿಲ ಚಿಲಕವನ್ನು ಬಿಚ್ಚಿದ. ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಮತ್ತೆ ಒಂದೇ ಸಮನೆ ಕೇಳತೊಡಗಿತು.

ಹಾಗೆ ಒಂದು ವರ್ಷ ನಡೆಯಿತು. ಆಮೇಲೆ ಅಕ್ಕನ ಕಾಲುಗಳು ಸೋತವು. ತುತ್ತು ಗಂಟಲಲ್ಲಿ ಸಿಕ್ಕಿ ಕೆಮ್ಮು ಶುರುವಾಯಿತು. ಅದೇ ಎದೆಗಿಳಿದು ಜ್ವರ ಬಂದು ಆಸ್ಪತ್ರೆ ಸೇರಿದಳು. ಜ್ವರ ಇಳಿಯಿತು, ನುಂಗುವ ಶಕ್ತಿ ಬರಲಿಲ್ಲ. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಬಹುದು, ನೀವು ಹೇಳಿದ ಹಾಗೆ ಎಂದರು ಅಲ್ಲಿಯವರು. ಹಾಕಿ, ಈಗಲೇ ಹಾಕಿ ಎಂದು ಪಾದರಸ ಕಾರಿಡಾರಿನಲ್ಲಿ ಆ ತುದಿಗೂ ಈ ತುದಿಗೂ ಓಡಾಡುತ್ತಿದ್ದ. ನರ್ಸಮ್ಮನೂ ಹಗಲು ಮನೆಯ ಡಾಕ್ಟರೂ ಅಲ್ಲಿಗೇ ಬಂದರು. ಇಂಥ ಕಾಯಿಲೆಯ ಈ ಹಂತದಲ್ಲಿ ನಳಿಕೆಯಿಂದ ಆಯಸ್ಸು ಹೆಚ್ಚುವುದು ಅಷ್ಟರಲ್ಲೇ ಇದೆ, ಕೆಮ್ಮೂ ನಿಲ್ಲುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬೇಕೆಂದಷ್ಟು ಚಮಚದಲ್ಲಿ ಕೊಡುತ್ತಾ, ನೋವಾಗದಂತೆ, ಉಸಿರು ಕಟ್ಟದಂತೆ ಮನೆಯಲ್ಲೇ ನೋಡಿಕೊಳ್ಳಬಹುದು ಎಂದರು.

"ಹಂಗಾದ್ರೆ ಹಸಿವಿಂದ ಸಾಯ್ಲಿ ಅಂತೀರಾ?" ಎಂದು ಅವನು ಡಾಕ್ಟರ ಮೇಲೆ ಏರಿಹೋದ.

ಅದಕ್ಕೆ ಉತ್ತರ ಕೊಟ್ಟವಳು ಹೆಂಡತಿ. "ನಳಿಕೆ ಹಾಕಿದ್ರೆ ಅಕ್ಕ ಕೀಳದೆ ಬಿಡ್ತಾರಾ? ಕಿತ್ತರೆ ಕೈ ಕಟ್ಟಿಹಾಕ್ತಾರೆ. ಬಾಗಿಲು ಹಾಕಿದ್ದೇ ಸಾಕಾಗಿದೆ. ಕೈ ಕಟ್ಟೋದು ನನ್ನ ಕೈಲಿ ನೋಡಕ್ಕಾಗಲ್ಲ."

ಅವನು ಗೋಡೆಗೆ ಒರಗಿ ನಿಂತ. ಮರುದಿನ ಅಕ್ಕನನ್ನು ಮನೆಗೆ ಕರೆತಂದರು.

ಮನೆಯಲ್ಲಿ ಅವನಿಗೆ ಇನ್ನೂ ಕಷ್ಟ. ಮಂಚದ ತಲೆಯ ಕಡೆಯನ್ನು ಎತ್ತಿ ಇಳಿಸಲು ರಾಟೆ ಹಾಕಿದ, ಅದು ಕಿರ್ರೆನ್ನುತ್ತದೆಂದು ಬಿಚ್ಚಿ ಎಣ್ಣೆ ಹಾಕಿದ, ಫ್ಯಾನ್ ಬದಲಿಸಿದ, ಕಿಟಕಿಗೆ ಪರದೆ ಕಟ್ಟಿದ, ಬಿಚ್ಚಿದ. ಉಸಿರಾಟ ಸರಾಗವಾಗಲು ನಾಲಿಗೆಯ ಕೆಳಗೆ ಔಷಧಿಯ ಹನಿ ಹಾಕುವುದನ್ನು ನರ್ಸಮ್ಮ ಹೆಂಡತಿಗೆ ಹೇಳಿಕೊಟ್ಟರು. ಕ್ಷೌರಿಕ ಬಂದು ಅಕ್ಕನ ಉಗುರು ಕತ್ತರಿಸಿ, ತಾನು ಯಾರೆಂದು ಹೇಳಿ ಹೋಗುತ್ತಿದ್ದ. ಹಗಲು ಮನೆಯವರು ಪಾಳಿಯ ಮೇಲೆ ಬಂದು ಕೂರುತ್ತಿದ್ದರು, ಆ ಹೊತ್ತಿನಲ್ಲಿ ಹೆಂಡತಿ ನಿದ್ದೆ ಮಾಡುತ್ತಿದ್ದಳು. ಕೂರದವನು ಪಾದರಸ ಒಬ್ಬನೇ. ಒಂದು ಬೆಳಿಗ್ಗೆ ಅವನು ಮತ್ತೆ ರಾಟೆಗೆ ಕೈ ಹಾಕಿದಾಗ ನರ್ಸಮ್ಮ ಅಕ್ಕನ ಕೈ ತೋರಿಸಿದರು. ಅವನು ಕೋಣೆಯಲ್ಲಿ ಓಡಾಡಿದಾಗಲೆಲ್ಲ ಆ ಬೆರಳುಗಳು ಹೊದಿಕೆಯನ್ನು ಚಿವುಟುತ್ತಿದ್ದವು; ಅವನು ನಿಂತರೆ ನಿಲ್ಲುತ್ತಿದ್ದವು.

"ಕೂತ್ಕೊಳ್ಳಿ."

"ಕೂರಕ್ಕೆ ಬರಲ್ಲಮ್ಮ ನಂಗೆ. ಕೂತ್ರೆ ಮೈಯೆಲ್ಲ ಇರುವೆ ಹರಿದಂಗಾಗುತ್ತೆ."

"ಕಾಲು ಕುಣಿದ್ರೆ ಕುಣೀಲಿ. ಕೈ ಮಾತ್ರ ಬಿಡ್ಬೇಡಿ."

ಅವನು ಕೂತ. ಕುರ್ಚಿಯ ಕೆಳಗೆ ಕಾಲು ಹೊಲಿಗೆ ಯಂತ್ರದ ಹಾಗೆ ಆಡುತ್ತಲೇ ಇತ್ತು, ಮೇಲೆ ಕೈ ಅಕ್ಕನ ಕೈಯಲ್ಲಿತ್ತು. ಫೋನನ್ನು ಜೊತೆಗೆಲಸದವನಿಗೆ ಕೊಟ್ಟುಬಿಟ್ಟಿದ್ದ. ಒಂದೊಂದು ಸಲ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿದ್ದ. ಚಿಕ್ಕಂದಿನಲ್ಲಿ ತಾನು ಚಪ್ಪಲಿ ಕಳೆದುಕೊಂಡು ಬಂದಾಗ ಅಕ್ಕ ಬೈದದ್ದನ್ನು ಅವಳಿಗೇ ಹೇಳುತ್ತಿದ್ದ. ಕೇಳಿಸುತ್ತಿತ್ತೋ ಇಲ್ಲವೋ. ಕೆಲವು ದಿನ ಹೀಗೆ ಕಳೆದು, ಒಂದು ಮುಂಜಾನೆ ಹೆಂಡತಿ ಹತ್ತಿಯಿಂದ ಅಕ್ಕನ ತುಟಿ ಒದ್ದೆ ಮಾಡುತ್ತಿದ್ದಾಗ, ಉಸಿರು ದೂರ ದೂರವಾಗುತ್ತಾ ಹೋಗಿ, ನಿಂತಿತು. ಮುಖದಲ್ಲಿ ಯಾತನೆ ಇರಲಿಲ್ಲ. ಅವನ ಕಾಲು ಆಮೇಲೂ ಸ್ವಲ್ಪ ಹೊತ್ತು ಆಡುತ್ತಿತ್ತು.

ಅಕ್ಕ ಹೋದ ಮೇಲೆ ಹೆಂಡತಿ ಕಣ್ತುಂಬ ನಿದ್ದೆ ಮಾಡಿದಳು. ಆಮೇಲೆ, ಯಾರೂ ಎಣಿಸದ ಹಾಗೆ, ಹೊಲಿಗೆ ಕಡಿಮೆ ಮಾಡಿ ನರ್ಸಮ್ಮನ ತಂಡ ಸೇರಿದಳು. ಕಾಯಿಲೆಯವರ ಮನೆಗಳಿಗೆ ಹೋಗಿ ಕೂರುವ, ಮೈ ಒರೆಸುವ, ಮನೆಯವರಿಗೆ ಮಲಗಲು ಬಿಡುವು ಮಾಡಿಕೊಡುವ ಕೆಲಸ. ಪಾದರಸನಿಗೆ ಇದು ತಲೆಗೆ ಹೋಗಲಿಲ್ಲ.

"ಇಷ್ಟು ವರ್ಷ ಕಷ್ಟ ಪಟ್ಟಿದ್ದು ಸಾಲ್ದಾ ನಿಂಗೆ?" ಎಂದು ಕೇಳಿದ.

"ಅಲ್ಲಿ ಹೋದಾಗ ನಾಲ್ಕು ಜನ ಇರ್ತೀವಿ. ಆಗ ಇಲ್ಲಿ ನಾನು ಒಬ್ಬಳೇ ಇದ್ದೆ," ಎಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಕಾಡಿತು.

ಕೆಲವು ದಿನ ಆ ಮಾತನ್ನು ತಲೆಯಲ್ಲಿ ಹೊತ್ತುಕೊಂಡೇ ಲಿಫ್ಟುಗಳನ್ನು ಹತ್ತಿ ಇಳಿದ. ಆಮೇಲೊಂದು ಭಾನುವಾರ ಯಾರೂ ಕರೆಯದೆ ಹಗಲು ಮನೆಗೆ ಹೋದ. ಅಲ್ಲಿ ಹೊಸದಾಗಿ ಬರುತ್ತಿದ್ದ ಒಬ್ಬ ಮುದುಕರು ಹಿಂದೆ ಭೂಮಾಪನ ಇಲಾಖೆಯಲ್ಲಿ ಜಮೀನು ಅಳೆಯುತ್ತಿದ್ದವರು. ಬಾಗಿಲು ದಾಟಿದರೆ ಸಾಕು, ಬಾಣದ ಹಾಗೆ ಹೊರಟುಬಿಡುತ್ತಿದ್ದರು. ಅವರ ಜೊತೆ ಹೆಜ್ಜೆ ಹಾಕುವವರು ಯಾರೂ ಸಿಕ್ಕಿರಲಿಲ್ಲ. ಪಾದರಸ ತಾನು ಯಾರೆಂದು ಹೇಳಿ ಅವರ ಪಕ್ಕದಲ್ಲಿ ಹೊರಟ. ಬಸ್ ನಿಲ್ದಾಣ ದಾಟಿ, ನೀರಿನ ಟ್ಯಾಂಕು ದಾಟಿ, ರೈಲ್ವೆ ಗೇಟಿನವರೆಗೆ ಹೋಗಿ ಬಂದರು. ಅವನು ತನ್ನ ಮನೆಗೆ ಬಂದಾಗ ಅಂಗಿ ಬೆನ್ನಿಗಂಟಿತ್ತು. ಮೆಟ್ಟಿಲ ಮೇಲೆ ಧೊಪ್ಪನೆ ಕೂತು ಹೆಂಡತಿಯ ಹತ್ತಿರ ನೀರು ಕೇಳಿದ. ಅವಳು ತನ್ನ ಪಾಳಿಗೆಂದು ಚೀಲ ಹೆಗಲಿಗೇರಿಸಿ ಹೊರಟಿದ್ದಳು.

"ಹೂಜೀಲಿದೆ, ತಗೊಳ್ಳಿ," ಎಂದು ಅವನನ್ನು ದಾಟಿಕೊಂಡು ಮೆಟ್ಟಿಲಿಳಿದಳು.