ಗಂಗಿಯ ಗೇಣು

ಪಂಚಾಕ್ಷರಯ್ಯನವರಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ತುಮಕೂರಿನ ಬಸ್ ಡಿಪೋದಲ್ಲಿ ಬಡಗಿಯಾಗಿ ಜೀವ ತೇದು ನಿವೃತ್ತರಾದ ಮನುಷ್ಯ. ಹಲಗೆಯನ್ನು ಒಂದು ಕೂದಲೆಳೆ ಹೆಚ್ಚುಕಮ್ಮಿ ಕೊಯ್ದವನನ್ನು, “ಕಣ್ಣು ಮನೇಲಿ ಬಿಟ್ಟು ಬಂದಿದೀಯೇನ್ಲಾ?” ಎಂದು ಇಡೀ ಡಿಪೋ ಕೇಳುವ ಹಾಗೆ ಬೈದವರು. ಅಂಥವರು ಮರಳೂರಿನ ತಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಅಳತೆ ಟೇಪನ್ನು ಮೊಳೆಗೆ ನೇತುಹಾಕಿ, ಮೊಮ್ಮಗಳ ಗೇಣಿನಲ್ಲಿ ಮರ ಅಳೆಯತೊಡಗಿದರು ಅಂದರೆ ಯಾರು ನಂಬುತ್ತಾರೆ? ಹೆಂಡತಿ ಶಕುಂತಲಮ್ಮನೇ ಮೊದಲು ನಂಬಲಿಲ್ಲ.

ಮೊಮ್ಮಗಳ ಹೆಸರು ಗಂಗಾಂಬಿಕೆ. ಮುತ್ತಜ್ಜಿಯ ಹೆಸರು, ಆಳಿಗಿಂತ ಹೆಸರೇ ಉದ್ದ. ಮನೆಯಲ್ಲಿ ಎಲ್ಲರಿಗೂ ಗಂಗಿ. ಅವಳ ಅಮ್ಮ ಕಾವ್ಯ, ಈ ದಂಪತಿಯ ಒಬ್ಬಳೇ ಮಗಳು, ಒಂದು ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಬಂದು ಹೋಗಿಬಿಟ್ಟಳು. ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅಳಿಯ ಬಸವರಾಜ್, ಮೂರು ವರ್ಷದ ಮಗುವನ್ನು ತಂದು ಅತ್ತೆಯ ಮಡಿಲಿಗೆ ಹಾಕಿ, ಅಂಗಡಿ ಬಾಗಿಲು ತೆಗೆಯಲೇಬೇಕಲ್ಲ ಎಂದು ವಾಪಸ್ಸು ಹೋದ. ಅವನದೇನು ತಪ್ಪು? ಯಾರದೂ ತಪ್ಪಿಲ್ಲದ ಸಂಕಟ ಬಲು ಕೆಟ್ಟದ್ದು, ಬೈಯೋಣವೆಂದರೆ ಒಬ್ಬರೂ ಸಿಗುವುದಿಲ್ಲ.

ಮಗಳು ಹೋದ ಮೇಲೆ ಪಂಚಾಕ್ಷರಯ್ಯ ಶೆಡ್ಡಿನ ಬೀಗವನ್ನೇ ತೆಗೆದಿರಲಿಲ್ಲ. ತೆಗೆಸಿದವಳು ಗಂಗಿ. ಒಂದು ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಕೂತು, ತನಗೊಂದು ಸ್ಟೂಲು ಬೇಕೆಂದು ಹಟ ಹಿಡಿದಳು. ಮನೆಯಲ್ಲಿರುವ ಸ್ಟೂಲಿನ ಮೇಲೆ ಕೂತರೆ ಅವಳ ಕಾಲು ನೆಲಕ್ಕೆ ಸಿಗುವುದಿಲ್ಲವಂತೆ. ಅಳುವ ಮಗುವಿಗಿಂತ ಬೀಗ ತೆಗೆಯುವುದು ವಾಸಿ ಎಂದು ತಾತ ಎದ್ದರು. ಟೇಪು ಎಳೆದರು.

“ಅದ್ರಲ್ಲಿ ಬೇಡ ತಾತ. ನಂಗೆ ಅದು ಓದಕ್ಕೆ ಬರಲ್ಲ. ನನ್ ಕೈಯಲ್ಲಿ ಅಳಿ.”

“ಕೈಯಲ್ಲಿ ಅಳ್ದು ಯಾರೇ ಸ್ಟೂಲ್ ಮಾಡ್ತಾರೆ? ಸೊಟ್ಟ ಆಗುತ್ತೆ ಕಣೇ.”

“ಆಗಲ್ಲ. ನಾನ್ ನೋಡ್ಕೋತೀನಿ.”

ನೋಡಿಕೊಂಡಳು ಕೂಡ! ಪುಟ್ಟ ಬೆರಳುಗಳನ್ನು ಹಿಗ್ಗಿಸಿ ಎರಡು ಗೇಣು ಎಂದಳು, ಎರಡು ಗೇಣಿನ ಸ್ಟೂಲಾಯಿತು. ಅದರ ಮೇಲೆ ಕೂತು ಪಾದ ಎರಡೂ ನೆಲಕ್ಕೆ ಊರಿದಾಗ ಆ ಮುಖ ನೋಡಬೇಕಿತ್ತು. ಅಂದಿನಿಂದ ಶೆಡ್ಡಿನಲ್ಲಿ ದಿನವೂ ಕೆಲಸ. ತಾತನ ಸವೆದ ಹವಾಯಿ ಚಪ್ಪಲಿ ಕತ್ತರಿಸಿ ಚಕ್ರ ಮಾಡಿ ಒಂದು ಬಸ್ಸು ಕಟ್ಟಿದರು. ನುಗ್ಗೆ ಮರಕ್ಕೆ ಹಕ್ಕಿಗಳ ನೀರಿನ ತಟ್ಟೆ ತೂಗುಹಾಕಿದರು. ಅಜ್ಜಿಗೆ ವಿಭೂತಿ ಗಟ್ಟಿ ಇಡುವ ಪೆಟ್ಟಿಗೆ, ಫೋನು ನಿಲ್ಲಿಸುವ ಸ್ಟ್ಯಾಂಡು. ಉಳಿ, ಗರಗಸ ಮುಟ್ಟುವ ಹಾಗಿರಲಿಲ್ಲ. ಪೆನ್ಸಿಲ್ಲು, ಮರಳುಕಾಗದ, ಚಿಕ್ಕ ಸುತ್ತಿಗೆ ಗಂಗಿಯ ಪಾಲು. ತಾತ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕೊಡುತ್ತಿದ್ದರು, ಇವಳು ನಾಲಿಗೆ ಕಚ್ಚಿಕೊಂಡು ಹೊಡೆಯುತ್ತಿದ್ದಳು.

ಕೆಲಸ ಮುಗಿದ ಮೇಲೆ ತಪಾಸಣೆ. ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಚೂರು ಓರೆಯಿದ್ದರೂ ಸರಿ, “ಸೊಟ್ಟ! ತಾತ, ಸೊಟ್ಟ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಡಿಪೋ ಮ್ಯಾನೇಜರಿಗೇ ಸೊಪ್ಪು ಹಾಕದಿದ್ದ ಪಂಚಾಕ್ಷರಯ್ಯ ತುಟಿ ಪಿಟಕ್ಕೆನ್ನದೆ ಮೊಳೆ ಕಿತ್ತು ಮತ್ತೆ ಹೊಡೆಯುತ್ತಿದ್ದರು. ಶಕುಂತಲಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದರು: “ನಿಮ್ಗೆ ಸರಿಯಾದ ಮೇಸ್ತ್ರಿ ಸಿಕ್ಕವ್ಳೆ ಬಿಡಿ.” ಮಗಳು ಸತ್ತ ಮನೆಯಲ್ಲಿ ಹೀಗೆ ನಗಬಹುದೇ ಎಂದು ಆಮೇಲೆ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಗಂಗಿಗೆ ಐದು ತುಂಬಿದ ಮೇಲೆ ಬಸವರಾಜ್ ಮತ್ತೆ ಮದುವೆಯಾದ. ಹುಡುಗಿ ಪಲ್ಲವಿ, ಒಳ್ಳೆಯವಳು. ಮಗುವನ್ನು ತಾನೇ ಸಾಕುತ್ತೇನೆಂದು ಅವಳೇ ಕೇಳಿದಳು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಪಂಚಾಕ್ಷರಯ್ಯನವರಿಗೆ ಒಂದು ಮಾತು ಹೇಳಿದರು: “ಮಗು ಹೊಸ ತಾಯಿಗೆ ಹೊಂದ್ಕೊಳ್ಳೋವರೆಗೂ ನೀವು ಆ ಕಡೆ ಹೋಗ್ಬೇಡಿ. ನಿಮ್ಮನ್ ಕಂಡ್ರೆ ಮತ್ತೆ ಹಟ ಮಾಡುತ್ತೆ.” ನ್ಯಾಯವಾದ ಮಾತೇ. ಕಲ್ಲು ಮನಸ್ಸು ಮಾಡಿ ಇಬ್ಬರೂ ಒಪ್ಪಿದರು.

ಹೊರಡುವ ದಿನ ಗಂಗಿ ಕಾರು ಹತ್ತದೆ ಶೆಡ್ಡಿಗೆ ಓಡಿದಳು. “ನಾನಿಲ್ದೆ ಇದ್ರೆ ಯಾರ್ ಕೈಯಲ್ಲಿ ಅಳೀತೀಯಾ ತಾತ?” ಎಂದು ಬೇವಿನ ಪಟ್ಟಿಯೊಂದರ ಮೇಲೆ ಅಂಗೈ ಊರಿ ಬೆರಳು ಹಿಗ್ಗಿಸಿದಳು. ತಾತ ಗುರುತು ಹಾಕಿ ಕೊಯ್ದರು. ಗೇಣುಕಡ್ಡಿ. ಕೊಯ್ತ ಕರಾರುವಾಕ್ಕು.

ಮರಳೂರಿನಿಂದ ಕುಣಿಗಲ್ ಏನು ದೂರ? ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ಹತ್ತಲಿಲ್ಲ, ಪುಣ್ಯಾತ್ಮರು. ಎರಡು ಯುಗಾದಿ ಹೀಗೇ ಹೋದವು. ಮೊದಮೊದಲು ವಿಡಿಯೋ ಕಾಲ್‌ನಲ್ಲಿ, “ತಾತ, ಶೆಡ್ ತೋರ್ಸು” ಎನ್ನುತ್ತಿದ್ದಳು. ಆಮೇಲೆ “ಹೋಂವರ್ಕ್ ಇದೆ” ಎನ್ನತೊಡಗಿದಳು. ಕೊನೆಗೆ ಹಬ್ಬಕ್ಕೊಂದು ಕಾಲ್, ಆ ಚಿಕ್ಕ ಪರದೆ ತುಂಬ ಒಂದು ಮುಖ, ಅಷ್ಟೇ. ಪಂಚಾಕ್ಷರಯ್ಯ ಗೇಣುಕಡ್ಡಿಯನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಪೆನ್ನಿಡುವ ಜಾಗದಿಂದ ಅದರ ತುದಿ ಸದಾ ಇಣುಕುತ್ತಿತ್ತು.

ಈ ಸಲದ ಬೇಸಿಗೆಗೆ ಮುಂಚೆ, ಯಾವ ಹಬ್ಬವೂ ಇಲ್ಲದ ಒಂದು ಸಂಜೆ ಫೋನು ಬಂತು. ಗಂಗಿಯೇ!

“ತಾತ, ನಂಗೊಂದು ಮಂಚ ಬೇಕು. ನನ್ ಗೇಣಲ್ಲಿ ಒಂಬತ್ತು. ಗೋಡೆ ಪಕ್ಕ ನಾನೇ ಅಳ್ದಿದೀನಿ.”

ಮುದುಕನ ಕೈ ಆಗಲೇ ಜೇಬಿನ ಗೇಣುಕಡ್ಡಿಗೆ ಹೋಗಿತ್ತು. ಹಿಂದಿನಿಂದ ಬಸವರಾಜ್ ದನಿ ಕೇಳಿತು: “ಮಾವ, ನೀವೇ ತಂದ್ಕೊಡಿ, ಅವ್ಳೀಗ ಹೊಂದ್ಕೊಂಡಿದಾಳೆ. ಇರಿ, ಅಡಿ ಲೆಕ್ಕದಲ್ಲಿ ನಾನ್ ಅಳ್ದು ಹೇಳ್ತೀನಿ. ಅಂಗಡೀಲಿ ಟೇಪ್ ಇದೆ.”

“ಬೇಡ ಕಣಪ್ಪ,” ಎಂದರು ಪಂಚಾಕ್ಷರಯ್ಯ, ಹಳೆಯ ಡಿಪೋ ಗತ್ತಿನಲ್ಲಿ. “ಇದು ನಮ್ಮಿಬ್ಬರ ಲೆಕ್ಕ. ನೀನ್ ಮಧ್ಯ ಬರಬೇಡ.”

ಗುಬ್ಬಿಯ ಸಾಮಿಲ್ಲಿಗೆ ಖುದ್ದಾಗಿ ಹೋಗಿ ಹಲಸಿನ ಹಲಗೆ ಆರಿಸಿ ತಂದರು. ಗೇಣುಕಡ್ಡಿ ಇಟ್ಟು ಒಂಬತ್ತು ಸಲ ಅಳೆದು ಗೆರೆ ಎಳೆದರು. ಮೊಳೆಯನ್ನು ರೂಢಿಯ ಮೇಲೆ ಇಕ್ಕಳದಲ್ಲಿ ಹಿಡಿದು, ಹೊಡೆಯುವವರು ಯಾರೂ ಇಲ್ಲವೆಂದು ನೆನಪಾಗಿ, ಸುತ್ತಿಗೆ ತಾವೇ ಎತ್ತಿಕೊಳ್ಳುತ್ತಿದ್ದರು. “ಮಂಚ ಸರಿಯಾಗ್ ಕೂತ್ರೆ ನೋಡೇ ಶಕುಂತಲಾ, ರಜಕ್ಕೆ ಇಲ್ಲಿಗೇ ಕಳ್ಸಿ ಅಂತ ಕೇಳೇಬಿಡ್ತೀನಿ. ಬೇಡ ಅನ್ನಕ್ಕೆ ಅವ್ರಿಗೂ ಬಾಯಿ ಬರಲ್ಲ.” ಶಕುಂತಲಮ್ಮ ಮಂಚದ ತಲೆಯ ಹಲಗೆಗೆ ವಿಭೂತಿ ಎಳೆದರು, ಡಬ್ಬಿ ತುಂಬ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟರು. ಮಂಡಿನೋವಿಗೆ ಅವರು ಗಾಡಿ ಹತ್ತುವ ಹಾಗಿರಲಿಲ್ಲ. ಪಕ್ಕದ ಬೀದಿಯ ಚಿಕ್ಕಬೋರಯ್ಯನ ಲಗೇಜ್ ಆಟೋದಲ್ಲಿ ಮಂಚ ಕಟ್ಟಿಕೊಂಡು ಪಂಚಾಕ್ಷರಯ್ಯ ಒಬ್ಬರೇ ಹೊರಟರು, ಮದುವೆ ದಿಬ್ಬಣಕ್ಕೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು.

ಬಾಗಿಲಲ್ಲಿ ಬಸುರಿ ಪಲ್ಲವಿ ನಿಂತಿದ್ದಳು. ಅವಳ ಪಕ್ಕದಲ್ಲಿ ಎರಡು ಜಡೆ ಹಾಕಿದ, ಕೊಕ್ಕರೆ ಕಾಲಿನ ಒಂದು ಉದ್ದನೆಯ ಹುಡುಗಿ. ಪಕ್ಕದ ಮನೆಯ ಮಗು ಇರಬೇಕು ಅಂದುಕೊಂಡರು ಪಂಚಾಕ್ಷರಯ್ಯ. ಅಯ್ಯೋ ಶಿವನೇ.

“ಬನ್ನಿ ತಾತ, ಚೆನ್ನಾಗಿದೀರಾ?” ಎಂದಳು ಆ ಹುಡುಗಿ.

ಗಂಗಿಯೇ! ‘ನೀನು’ ಹೋಗಿ ‘ನೀವು’ ಬಂದಿತ್ತು. ಆದರೂ ನಕ್ಕರು, ತಲೆ ಸವರಿದರು. ಬಸವರಾಜನೂ ಚಿಕ್ಕಬೋರಯ್ಯನೂ ಸೇರಿ ಮಂಚವನ್ನು ಒಳಗೆ ಹೊತ್ತು ಗೋಡೆ ಪಕ್ಕ ಇಟ್ಟರು. ಗಂಗಿ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದ ಜಾಗಕ್ಕೂ ಮಂಚದ ತುದಿಗೂ ನಡುವೆ ಒಂದು ಗೇಣು ಖಾಲಿ ಉಳಿಯಿತು. ಎಲ್ಲರಿಗಿಂತ ಮೊದಲು ಕಂಡದ್ದು ಪಂಚಾಕ್ಷರಯ್ಯನವರಿಗೆ. ಐದು ವರ್ಷದ ಕೈಯಲ್ಲಿ ಅಳೆದು ಏಳು ವರ್ಷದ ಮಗುವಿಗೆ ಮಂಚ ಮಾಡಿ ತಂದಿದ್ದರು. ಮಕ್ಕಳು ಬೆಳೆಯುತ್ತವೆಂದು ಯಾವ ದಡ್ಡನಿಗೆ ಗೊತ್ತಿಲ್ಲ? ಇವರಿಗೆ ಮಾತ್ರ ಮರೆತೇಹೋಗಿತ್ತು. ಅವರ ಲೆಕ್ಕದಲ್ಲಿ ಗಂಗಿ ಅಂದು ಶೆಡ್ಡಿನಲ್ಲಿ ಕೈ ಊರಿ ನಿಂತವಳು ಇನ್ನೂ ಅಲ್ಲೇ ನಿಂತಿದ್ದಳು.

ಗಂಗಿ ಮಂಚ ಹತ್ತಿ ಮಲಗಿದಳು. ಅಂಗಾಲು ಕಾಲ ಕಡೆಯ ಹಲಗೆಗೆ ತಗುಲಿತು. ಒಮ್ಮೆ ತಾತನ ಮುಖ ನೋಡಿದಳು. ಮೆಲ್ಲಗೆ ಮಗ್ಗುಲಾಗಿ, ಮಂಡಿ ಮಡಚಿ ಹೊಟ್ಟೆಗೆ ಎಳೆದುಕೊಂಡಳು.

“ಸರಿಯಾಗಿದೆ ತಾತ. ತುಂಬಾ ಚೆನ್ನಾಗಿದೆ.”

ಪಲ್ಲವಿ ಪಾಪ, ಸಮಾಧಾನಕ್ಕೆಂದೇ ಹೇಳಿದಳು: “ಹಲಸಿನ ಮರ, ಎಷ್ಟು ಗಟ್ಟಿ ಇದೆ! ಮುಂದೆ ಪಾಪುಗೂ ಆಗುತ್ತೆ ಬಿಡಿ ಮಾವ.”

ಪಂಚಾಕ್ಷರಯ್ಯ ಜೇಬಿನಿಂದ ಗೇಣುಕಡ್ಡಿ ತೆಗೆದರು. “ಎಲ್ಲಿ, ನಿನ್ ಕೈ ಕೊಡೇ ಗಂಗಿ.”

ಕಡ್ಡಿಯ ಮೇಲೆ ಗಂಗಿ ಕೈ ಹಿಗ್ಗಿಸಿದಳು. ಕಿರುಬೆರಳು ತುದಿ ದಾಟಿ ಆಚೆ ಹೋಯಿತು. ತಕ್ಷಣ ಬೆರಳು ಮಡಚಿ, ಕಡ್ಡಿಯ ಉದ್ದಕ್ಕೆ ಸರಿಯಾಗಿ ಕೈ ಕಿರಿದು ಮಾಡಿಕೊಂಡಳು.

“ಸೊಟ್ಟ ಅಲ್ವೇನೇ?” ಎಂದು ಕೇಳಿದರು ತಾತ. ಒಂದೇ ಒಂದು ಸಲ ಕೂಗಲಿ ದೇವರೇ, ಮಂಚವನ್ನು ಪೂರ್ತಿ ಬಿಚ್ಚಿ ಬೇರೆ ಮಾಡಿಕೊಟ್ಟೇನು ಎಂದು ಅವಳ ಬಾಯಿಯನ್ನೇ ನೋಡಿದರು.

“ಇಲ್ಲ ತಾತ. ಸರಿಯಾಗಿದೆ,” ಎಂದಳು ಗಂಗಿ. ಹೊಸ ಅಮ್ಮ ಕಲಿಸಿಕೊಟ್ಟ ಹಾಗೆ ಥ್ಯಾಂಕ್ಸ್ ಕೂಡ ಹೇಳಿದಳು.

ಕಾಫಿ ಕೊಟ್ಟರು, ಕುಡಿದರು. ರಜಕ್ಕೆ ಕಳುಹಿಸಿ ಎಂದು ಕೇಳಬೇಕೆಂದಿದ್ದವರು ಕೇಳದೆಯೇ ಲೋಟ ಇಟ್ಟು ಎದ್ದರು. ಮನೆಗೆ ಬಂದ ನೆಂಟರು ಅಂಥದ್ದನ್ನೆಲ್ಲ ಕೇಳುತ್ತಾರೆಯೇ? ಗಂಗಿ ಗೇಟಿನವರೆಗೂ ಬಂದು ಕೈ ಬೀಸಿದಳು.

ಊರು ದಾಟಿದ ಮೇಲೆ ಚಿಕ್ಕಬೋರಯ್ಯ ಕೇಳಿದ: “ಏನ್ ಸ್ವಾಮಿ, ಮಂಚ ಮಗೀಗೆ ಇಷ್ಟ ಆಯ್ತಂತಾ?”

“ಸರಿಯಾಗಿದೆ ಅಂದ್ಲು ಕಣಯ್ಯ.”

“ಮತ್ತಿನ್ನೇನು ಬುಡಿ!”

“ಮೊದ್ಲಾಗಿದ್ರೆ ಸೊಟ್ಟ ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗೋಳು ಕಣೋ,” ಎಂದರು ಪಂಚಾಕ್ಷರಯ್ಯ. ಗೇಣುಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಟೋದ ಸದ್ದಿನಲ್ಲಿ ಚಿಕ್ಕಬೋರಯ್ಯನಿಗೆ ಕೇಳಿದರೂ ಕೇಳಲಿ ಎಂದು, ಮಗಳು ಸತ್ತಾಗಲೂ ಅಳದಷ್ಟು ಅತ್ತರು. “ನನ್ ಗಂಗಿ, ಸರಿಯಾಗಿದೆ ಅಂದ್ಬಿಟ್ಲು.”