ಹುಳ ಹುಡುಕುವ ಚಾಕು

ಹಣ್ಣನ್ನು ಕಚ್ಚಿ ತಿನ್ನಲು ನನಗೆ ಬರುವುದಿಲ್ಲ. ಐವತ್ತರ ಹೊಸ್ತಿಲಲ್ಲಿ ನಿಂತು ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯೇ. ಹಲ್ಲುಗಳೆಲ್ಲ ಗಟ್ಟಿಯಾಗಿವೆ, ಚಕ್ಕಲಿಯ ಮುಂದೆ ಅವು ಎಂದೂ ಸೋತಿಲ್ಲ. ಆದರೆ ಇಡೀ ಪೇರಲ ಹಣ್ಣೊಂದನ್ನು ಯಾರಾದರೂ ಕೈಗಿಟ್ಟರೆ, ಗುರುತಿಲ್ಲದವರ ಕೂಸನ್ನು ಎತ್ತಿಕೊಂಡವಳಂತೆ ಸುಮ್ಮನೆ ನಿಂತುಬಿಡುತ್ತೇನೆ. ಟೀವಿಯ ಜಾಹೀರಾತಿನಲ್ಲಿ ಚೆಲುವೆಯೊಬ್ಬಳು ಕೆಂಪು ಸೇಬನ್ನು ಕರಕ್ಕೆಂದು ಕಚ್ಚಿ ನಕ್ಕರೆ ಎಲ್ಲರೂ ಅವಳ ಹಲ್ಲು ನೋಡುತ್ತಾರೆ. ನನಗೆ ಮಾತ್ರ, ಒಳಗೆ ಏನಿತ್ತೋ ನೋಡಲೇ ಇಲ್ಲವಲ್ಲ ಈ ಹುಡುಗಿ ಎಂದು ಜೀವ ಹೊಡೆದುಕೊಳ್ಳುತ್ತದೆ.

ಆದ್ದರಿಂದ ನನ್ನ ಪರ್ಸಿನಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತದೆ. ಜಮಖಂಡಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದು ಎಲ್ಲರಿಗೂ ಗೊತ್ತು. ಯಾರಾದರೂ ತಮ್ಮ ತೋಟದ ಹಣ್ಣು ತಂದರೆ, "ತಡೀರಿ, ಮೇಡಂ ಬಂದ ಆಪರೇಶನ್ ಮಾಡ್ತಾರ" ಎಂದು ಉಳಿದವರು ಕಾಯುತ್ತಾರೆ. ಹೊಸದಾಗಿ ಸೇರಿದವರು ನನ್ನ ಪರ್ಸಿನಿಂದ ಚಾಕು ಹೊರಬಂದದ್ದನ್ನು ಕಂಡು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸುವುದೂ ಉಂಟು. ಅಂಥ ಹೊತ್ತಿನಲ್ಲಿ ನನಗೆ ಆಗುವ ಸಂತೋಷವನ್ನು ನಾನು ಯಾರಿಗೂ ಹೇಳುವುದಿಲ್ಲ.

ನಾವು ತೇರದಾಳದ ಜೈನರು. ನಮ್ಮ ಮನೆಯಲ್ಲಿ ಹಣ್ಣಾಗಲಿ ಕಾಯಾಗಲಿ, ತೆರೆದು ನೋಡದೆ ಬಾಯಿಗೆ ಹಾಕುವಂತಿರಲಿಲ್ಲ. ಒಳಗೊಂದು ಹುಳ ಸಂಸಾರ ಹೂಡಿದ್ದರೆ ಅದು ನಮ್ಮ ಹಲ್ಲಿಗೆ ಸಿಕ್ಕು ಸಾಯಬಾರದು, ಅಷ್ಟೇ. ಬೇರೆಯವರ ಮನೆಯಲ್ಲಿ ಮಕ್ಕಳ ಕೈಗೆ ಚಾಕು ಸಿಗದ ಹಾಗೆ ಅಡಗಿಸಿಡುತ್ತಾರೆ, ಯಾರಿಗಾದರೂ ಪೆಟ್ಟಾದೀತು ಎಂದು. ನಮ್ಮಲ್ಲಿ ಯಾರಿಗೂ ಪೆಟ್ಟಾಗಬಾರದು ಎಂದೇ ಚಾಕು ಬೇಕು. ಅಹಿಂಸೆಗೂ ಒಂದು ಆಯುಧ ಇದೆ ಎಂದು ನಾನು ಹುಡುಗರಿಗೆ ಹೇಳಿದರೆ ಅವರು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುತ್ತಾರೆ.

ನನಗೆ ಚಾಕು ಸಿಕ್ಕದ್ದು ಹತ್ತನೆಯ ವಯಸ್ಸಿನಲ್ಲಿ, ಒಂದು ಅಪರಾಧದ ಫಲವಾಗಿ. ಸಾಲೆಯ ಗೋಡೆಯ ಪಕ್ಕ ನಿಂತು ನಾನು ನೀವು ಬೋರೆ ಎನ್ನುವ ಬಾರಿ ಹಣ್ಣುಗಳನ್ನು ಇಡಿಯಾಗಿ ಬಾಯಿಗೆ ಎಸೆದುಕೊಳ್ಳುತ್ತಿದ್ದೆ. ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಮಹಾಲಿಂಗಪುರದ ಬಸ್ಸು ಹಿಡಿಯಲು ಅದೇ ದಾರಿಯಲ್ಲಿ ಬಂದರು. ಬೆಲ್ಲದ ವ್ಯಾಪಾರದವರು, ಬೆಲ್ಲದ ಗಟ್ಟಿ ಪೆಂಟೆಯನ್ನು ಒಡೆಸಿ ಒಳಗಿನ ಬಣ್ಣ ನೋಡದೆ ಒಂದು ಮಾತೂ ಆಡಿದವರಲ್ಲ. ಸಿಟ್ಟು ಮಾಡಲಿಲ್ಲ. ನನ್ನ ಗಲ್ಲ ಹಿಡಿದು, "ಹಲ್ಲಿಗೆ ಕಣ್ಣ ಇರೂದಿಲ್ಲ ಪದ್ಮಿ. ಮೊದಲ ಕಣ್ಣಿಗೆ ತೋರಸು, ಆಮ್ಯಾಲ ಹಲ್ಲಿಗೆ ಕೊಡು" ಎಂದರು. ಸಂಜೆ ಮರಳಿದಾಗ ಅವರ ಕೋಟಿನ ಕಿಸೆಯಲ್ಲಿ ನನಗಾಗಿ ಒಂದು ಚಾಕು ಇತ್ತು. ಮರದ ಹಿಡಿಕೆ, ಎರಡು ಹಿತ್ತಾಳೆ ಮೊಳೆ, ನನ್ನ ಕಿರುಬೆರಳಿನಷ್ಟು ಅಲಗು. ಬಿಚ್ಚಿದರೆ ಟಕ್, ಮಡಚಿದರೆ ಟಕ್. ಆ ವಾರವಿಡೀ ನಮ್ಮ ಮನೆಯಲ್ಲಿ ಆ ಎರಡು ಟಕ್ಕಿನ ಹೊರತು ಬೇರೆ ಶಬ್ದ ಇರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಒಂದು ತೊಡಕಿತ್ತು. ಕಿಸೆಯ ಚಾಕುವಿಗೆ ಕಿಸೆ ಬೇಕು, ನನ್ನ ಪರಕರಕ್ಕೆ ಕಿಸೆ ಇರಲಿಲ್ಲ. ಮನೆಯ ಗಂಡಸರ ಅಂಗಿಗೆ ಎರಡು, ಕೋಟಿಗೆ ಮೂರು, ಒಳಬನಿಯನ್ನಿಗೂ ಒಂದು. ಹೆಂಗಸರಿಗೆ ಸೊಂಟದ ಗಂಟೇ ಗತಿ. ನಾನು ಹಟ ಹಿಡಿದು ಅವ್ವನಿಂದ ಹಳೆಯ ಧೋತರದ ತುಂಡಿನ ಒಂದು ಕಿಸೆ ಹೊಲಿಸಿಕೊಂಡೆ. ನಮ್ಮ ಓಣಿಯಲ್ಲಿ ಕಿಸೆ ಇದ್ದ ಮೊದಲ ಹೆಣ್ಣು ನಾನೇ ಎಂದು ಈಗಲೂ ನಂಬಿದ್ದೇನೆ.

ಇದೆಲ್ಲ ಹಿಡಿಸದವಳು ದೊಡ್ಡವ್ವ, ನನ್ನ ದೊಡ್ಡಪ್ಪನ ಹೆಂಡತಿ. ಅಡುಗೆಮನೆ ಅವಳ ಆಳ್ವಿಕೆಯಲ್ಲಿತ್ತು. "ಮಾವಾರ, ಹೆಣ್ಣ ಹುಡುಗಿ ಕೈಯಾಗ ಚಾಕು ಯಾಕರಿ? ಈಳಗಿ ಐತೆಲ್ಲ ಮನಿಯಾಗ" ಎಂದು ಮುತ್ಯಾನಿಗೆ ಹೇಳಿದಳು. ಈಗ ಕುಳಿತು ಯೋಚಿಸಿದರೆ ಅವಳ ಅನುಮಾನದಲ್ಲಿ ಹುರುಳಿತ್ತು ಅನಿಸುತ್ತದೆ. ಈಳಿಗೆ ಕೂತಲ್ಲೇ ಕೂರುತ್ತದೆ, ಅದರ ಮುಂದೆ ಹೆಂಗಸೂ ಕೂರಬೇಕು. ಕಾಯಿಪಲ್ಯೆಯೇ ಅದರ ಹತ್ತಿರ ಬರಬೇಕು. ಚಾಕು ಹಾಗಲ್ಲ. ಅದು ಹೊಸ್ತಿಲು ದಾಟುತ್ತದೆ, ಸಾಲೆಗೆ ಹೋಗುತ್ತದೆ, ಗಿಡ ಏರುತ್ತದೆ. ಅದನ್ನು ಹಿಡಿದವಳೂ ಏರುತ್ತಾಳೆ. ನಾನು ಏರಿದೆ ಕೂಡ.

ಬೇಸಿಗೆ ಬರುವ ಹೊತ್ತಿಗೆ ನಾನು ಸಾಲೆಯ ಹಣ್ಣುಗಳ ತಪಾಸಣೆ ಅಧಿಕಾರಿಯಾಗಿದ್ದೆ. ಯಾವ ಜಾತಿಯ ಹುಡುಗಿಯ ಕೈಗೆ ಯಾವ ಹಣ್ಣು ಸಿಕ್ಕರೂ ಮೊದಲು ನನ್ನ ಹತ್ತಿರ ಬರಬೇಕು. ಪೇರಲ, ಬಾರಿ, ಚಿಕ್ಕು, ಹಸಿ ಬಟಾಣಿ, ಎಲ್ಲವನ್ನೂ ತೆರೆದು, ಕಣ್ಣು ಕಿರಿದು ಮಾಡಿ ನೋಡಿ, "ಹೂಂ, ತಿನ್ನು" ಎಂದು ಅಪ್ಪಣೆ ಕೊಡುತ್ತಿದ್ದೆ. ಒಂದೇ ಒಂದು ಕೊರಗು ನನ್ನನ್ನು ತಿನ್ನುತ್ತಿತ್ತು. ಇಷ್ಟು ದಿನದಲ್ಲಿ ಒಂದು ಹುಳವೂ ಸಿಕ್ಕಿರಲಿಲ್ಲ. ಕಳ್ಳರೇ ಇಲ್ಲದ ಊರಿನ ಪೊಲೀಸನ ಪಾಡು ನನ್ನದು.

ಆ ಚಡಪಡಿಕೆಯಲ್ಲೇ ಅನಾಹುತ ಮಾಡಿಕೊಂಡೆ. ಬನಹಟ್ಟಿಯಿಂದ ದೊಡ್ಡವ್ವನ ತವರಿನವರು ಬರುವವರಿದ್ದರು. ಅವಳು ಮೂವತ್ತು ಶೇಂಗಾದ ಉಂಡೆ ಕಟ್ಟಿ ಪರಾತದಲ್ಲಿ ಜೋಡಿಸಿ ಸ್ನಾನಕ್ಕೆ ಹೋದಳು. ಶೇಂಗಾದಲ್ಲಿ ಹುಳ ಬೀಳುತ್ತದೆ ಎಂಬುದು ಯಾರಿಗೆ ತಿಳಿಯದು? ನಾನು ಮೂವತ್ತನ್ನೂ ನಟ್ಟನಡುವೆ ಸೀಳಿ ನೋಡಿ, ಮತ್ತೆ ಒತ್ತಿ ಕೂಡಿಸಿ, ಇದ್ದ ಹಾಗೆಯೇ ಇಟ್ಟೆ. ನೋಡುವುದಕ್ಕೆ ಸರಿಯಾಗಿಯೇ ಇದ್ದವು. ದೊಡ್ಡವ್ವನ ತಮ್ಮ ಒಂದನ್ನು ಎತ್ತಿದಾಗ ಅರ್ಧ ಕೈಗೆ ಬಂತು, ಅರ್ಧ ತೊಡೆಯ ಮೇಲೆ ಬಿತ್ತು. ಎರಡನೆಯದೂ ಹಾಗೇ ಆಯಿತು. ಅವನು ನಕ್ಕು, "ಏನಬೇ ಅಕ್ಕಾ, ತವರ ಮನಿಯವರಿಗೆ ಅರ್ಧಾ ಅರ್ಧಾ ಉಂಡಿ ಕಟ್ಟೀಯೇನು?" ಎಂದ.

ದೊಡ್ಡವ್ವ ನಗಲಿಲ್ಲ. ಅವರು ಹೋದ ಮೇಲೆ ನನ್ನ ಕಿಸೆಗೆ ಕೈ ಹಾಕಿ ಚಾಕು ತೆಗೆದುಕೊಂಡಳು. "ಮೂರ ತಿಂಗಳಿಂದ ಕಂಡದ್ದೆಲ್ಲಾ ಕೊಯ್ಯಾಕತ್ತಿ. ಒಂದಾರ ಹುಳ ಸಿಕ್ಕೈತೇನ ನಿನಗ?" ಎಂದು ಕೇಳಿದಳು. ಚಾಕು ಅವಳ ಟ್ರಂಕು ಸೇರಿತು, ಕೀಲಿ ಅವಳ ಸೊಂಟ ಸೇರಿತು. ಕಿಸೆ ಮಾತ್ರ ನನ್ನ ಬಳಿ ಉಳಿಯಿತು, ಬರಿದಾಗಿ. ಮುತ್ಯಾನ ಹತ್ತಿರ ದೂರು ಒಯ್ದರೆ ಅವರು ಬೆಲ್ಲದ ಲೆಕ್ಕ ತೆರೆದು ಕುಳಿತರು. ಉಂಡೆಗಳ ವಿಷಯದಲ್ಲಿ ನನ್ನ ಪರ ವಾದಿಸುವುದು ಯಾವ ವಕೀಲನಿಗೂ ಕಷ್ಟವಿತ್ತು.

ಮಾವಿನ ಕಾಲ ಬಂತು. ನಮ್ಮ ಹಿತ್ತಲಲ್ಲಿ ದೊಡ್ಡವ್ವ ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟ ಮಾವಿನ ಗಿಡವಿತ್ತು. ಅವಳಿಗೆ ಮಕ್ಕಳಿರಲಿಲ್ಲ, ಆ ಗಿಡದ ಮೇಲೆ ಯಾರೂ ಒಂದು ಮಾತು ಆಡುವಂತಿರಲಿಲ್ಲ. ಆಗಲೇ ಊರಿಗೆ ದಿಗಂಬರ ಮುನಿ ಮಹಾರಾಜರೊಬ್ಬರು ಬಂದರು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಆಹಾರ ತೆಗೆದುಕೊಳ್ಳುತ್ತಾರೆ. ಬೊಗಸೆಯಲ್ಲಿ ಒಂದು ಕೂದಲೋ ಹುಳವೋ ಕಂಡರೆ ಅದು ಅಂತರಾಯ. ಅಲ್ಲಿಗೆ ಊಟ ಮುಗಿಯಿತು, ಮರುದಿನದ ತನಕ ನೀರೂ ಇಲ್ಲ. ಮೇ ತಿಂಗಳ ನಮ್ಮ ಕಡೆಯ ಬಿಸಿಲಿನಲ್ಲಿ ನೀರಿಲ್ಲದೆ ಒಂದು ಹಗಲು ಎಂದರೆ ಏನೆಂದು ನಾನು ಹೇಳಬೇಕಿಲ್ಲ. ಹಾಗಾದ ಮನೆಯವರು ಅದನ್ನು ಆಯುಷ್ಯವಿಡೀ ಮರೆಯುವುದಿಲ್ಲ. ದೊಡ್ಡವ್ವನಿಗೆ ಒಂದೇ ಆಸೆ, ತನ್ನ ಗಿಡದ ಹಣ್ಣಿನ ರಸ ಅವರ ಬೊಗಸೆ ಸೇರಬೇಕು.

ಆ ಬೆಳಿಗ್ಗೆ ನಾವೆಲ್ಲ ಮಿಂದು ಮಡಿಯುಟ್ಟು ಅಡುಗೆಮನೆಯಲ್ಲಿದ್ದೆವು. ಎಂಟು ತುಂಬಿದ ಮಕ್ಕಳಿಗೆ ಒಳಗೆ ಪ್ರವೇಶವಿತ್ತು, ಹಾಗಾಗಿ ನಾನೂ ಇದ್ದೆ. ಬುಟ್ಟಿಯಲ್ಲಿ ಹನ್ನೊಂದು ಹಣ್ಣು. ದೊಡ್ಡವ್ವ ಒಂದನ್ನು ಕೈಯಲ್ಲಿ ಹೊರಳಿಸಿ ಮೆತ್ತಗೆ ಮಾಡಿ, ತೊಟ್ಟು ಚಿವುಟಿ ಇನ್ನೇನು ಹಿಂಡಬೇಕು, ನನ್ನ ಬಾಯಿ ಸುಮ್ಮನಿರಲಿಲ್ಲ. "ದೊಡ್ಡವ್ವಾ, ಕೊಯ್ದ ನೋಡಲಿಲ್ಲಲ್ಲ."

"ನನ್ನ ಗಿಡದ ಹಣ್ಣಿನಾಗ ಹುಳ ಬೀಳಂಗಿಲ್ಲ" ಎಂದಳು ಅವಳು.

ಮುತ್ಯಾ ಬಾಗಿಲಲ್ಲಿ ನಿಂತಿದ್ದರು. "ಹುಡುಗಿ ಹೇಳೂದು ಖರೆ ಐತೆವಾ. ನೋಡಿದರ ಏನ ಹೋಗತೈತಿ?" ಎಂದರು. ಅವ್ವ ಈಳಿಗೆಯನ್ನು ನನ್ನ ಮುಂದೆ ಸರಿಸಿದಳು. ಇಲ್ಲಿ ನನ್ನ ಸ್ವಭಾವ ನಿಮಗೆ ತಿಳಿಯಲಿ: ಮಹಾರಾಜರು ಬಸದಿಯಿಂದ ಹೊರಡುವ ಹೊತ್ತು, ಮನೆ ಮಂದಿಯೆಲ್ಲ ಗಾಬರಿಯಲ್ಲಿದ್ದಾರೆ, ನಾನು ಕೈಕಟ್ಟಿ, "ಒಲ್ಲೆ, ನನ್ನ ಚಾಕು ಕೊಡ್ರಿ" ಎಂದೆ.

ದೊಡ್ಡವ್ವ ನನ್ನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹತ್ತಿಕೊಳ್ಳುತ್ತಿತ್ತು. ಎದ್ದು ಹೋಗಿ ಟ್ರಂಕು ತೆಗೆದಳು. ಕುದಿಸಿದ ನೀರಿನಲ್ಲಿ ಚಾಕು ತೊಳೆದು ನನ್ನ ಮುಂದಿಟ್ಟು, "ಹನ್ನೊಂದ ಹಣ್ಣಿನಾಗ ಒಂದರಾಗೂ ಹುಳ ಸಿಗಲಿಲ್ಲಂದ್ರ ಇದನ್ನ ಬಾವಿಗೆ ಒಗೀತೇನಿ. ಮುತ್ಯಾನ ಮುಂದ ಹೇಳಾಕತ್ತೇನಿ" ಎಂದಳು. ಮುತ್ಯಾ ನನ್ನ ಮುಖ ನೋಡಿದರು. ನಾನು ಹೂಂ ಎಂದೆ.

ಮೊದಲನೆಯ ಹಣ್ಣು ತೆರೆದೆ. ಬಂಗಾರದಂತಿತ್ತು. ಎರಡನೆಯದೂ ಅಷ್ಟೇ. ಒಂದೊಂದು ಹಣ್ಣು ತೆರೆದಾಗಲೂ ಅವ್ವ ಸಮಾಧಾನದ ನಿಟ್ಟುಸಿರು ಬಿಡುತ್ತಿದ್ದಳು, ದೊಡ್ಡವ್ವನ ಗಲ್ಲ ಮೇಲೇರುತ್ತಿತ್ತು. ನಾನೊಬ್ಬಳು ಒಳಗೊಳಗೇ ಕುಸಿಯುತ್ತಿದ್ದೆ. ಇನ್ನು ಮುಚ್ಚಿಡುವುದೇಕೆ? ಮುನಿ ಮಹಾರಾಜರ ಆಹಾರಕ್ಕೆಂದು ಇಟ್ಟ ಹಣ್ಣಿನ ಮುಂದೆ ಕುಳಿತು, ಜೈನರ ಮನೆಯ ಹುಡುಗಿ ನಾನು, ದೇವರೇ ಒಂದು ಹುಳ ಕೊಡು ಎಂದು ಬೇಡಿಕೊಂಡೆ. ನನ್ನ ಪಾಪಗಳ ಪಟ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮೇಲಿನದು.

ಏಳನೆಯ ಹಣ್ಣಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ತೆರೆದೆ. ವಾಟೆಯ ಪಕ್ಕದಲ್ಲಿ ಅಕ್ಕಿ ನುಚ್ಚಿನಂಥದೊಂದು ಬಿಳಿ ಚೂರು. ಅದು ಬಾಗಿತು, ನೆಟ್ಟಗಾಯಿತು, ಟಣ್ಣನೆ ಹಾರಿ ನೆಲದ ಮೇಲೆ ಬಿತ್ತು. "ಹುಳ ಐತಿ" ಎಂದು ನಾನು ಕೂಗಿದ ಕೂಗು ಬಸದಿಯ ತನಕ ಕೇಳಿದ್ದರೂ ಆಶ್ಚರ್ಯವಿಲ್ಲ. ಎಷ್ಟು ಖುಷಿಯಾಯಿತೆಂದರೆ ಆ ಹುಳವನ್ನು ಎತ್ತಿ ಮುದ್ದಾಡಬೇಕು ಅನಿಸಿತು. ಅದಕ್ಕೆ ಒಂದು ಗೀರೂ ತಗಲಿರಲಿಲ್ಲ. ಮುತ್ಯಾ ಅದನ್ನು ಎಲೆಯ ಮೇಲೆ ಹತ್ತಿಸಿಕೊಂಡು ಗಿಡದ ಬುಡಕ್ಕೆ ಬಿಟ್ಟು ಬಂದರು.

ಆಮೇಲೆ ನಾನು ದೊಡ್ಡವ್ವನ ಮುಖ ನೋಡಿದೆ. ಅದು ಬಾಡಿಹೋಗಿತ್ತು. "ರಸಾ ಬ್ಯಾಡ ಬಿಡ್ರಿ" ಎಂದು ಬುಟ್ಟಿಯನ್ನು ಮೂಲೆಗೆ ಸರಿಸಿದಳು. ಮುತ್ಯಾ ಒಪ್ಪಲಿಲ್ಲ. "ನೋಡಿದ ಹಣ್ಣಿಗೆ ಏನ ದೋಷ? ಉಳಿದ ನಾಕೂ ನೋಡ, ಪದ್ಮಿ" ಎಂದರು. ನಾನು ಮತ್ತೆ ಚಾಕು ಹಿಡಿದೆ. ಗೆದ್ದಾಗಿತ್ತು, ಚಾಕು ಉಳಿದಾಗಿತ್ತು. ಆದರೂ ಒಂದೊಂದನ್ನೂ ಮೊದಲಿಗಿಂತ ನಿಧಾನವಾಗಿ ತೆರೆದೆ. ಈ ಸಲ ನಾನು ಬೇಡಿಕೊಂಡದ್ದೇ ಬೇರೆ. ಎಂಟು, ಒಂಬತ್ತು, ಹತ್ತು, ಹನ್ನೊಂದು. ನಾಲ್ಕೂ ಬಂಗಾರ.

ಯಾರ ಮನೆಯಲ್ಲಿ ಆಹಾರ ಎಂದು ಮೊದಲೇ ಹೇಳದ ಮಹಾರಾಜರು ಆ ದಿನ ನಮ್ಮ ಮನೆಯ ಮುಂದೆಯೇ ನಿಂತರು. ದೊಡ್ಡವ್ವ ಅವರ ಬೊಗಸೆಗೆ ಮಾವಿನ ರಸ ಎರೆದಳು. ಅವರು ಕೂಡಲೇ ಕುಡಿಯಲಿಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿ, ಬೊಗಸೆಯ ತಳದ ತನಕ ನೋಡಿದರು. ಊರಿಗೆ ಊರೇ ಕಾಲಿಗೆ ಬೀಳುವ ಅಷ್ಟು ದೊಡ್ಡವರು ಕೂಡ ನೋಡಿಯೇ ತಿನ್ನುತ್ತಾರೆ. ಎಲ್ಲವನ್ನೂ ಬಿಟ್ಟವರಾದ್ದರಿಂದ ಅವರ ಬಳಿ ಚಾಕು ಇಲ್ಲ, ಅಷ್ಟೇ ವ್ಯತ್ಯಾಸ. ಇವರೂ ನಮ್ಮ ಕಸುಬಿನವರೇ ಎಂದು ನನ್ನ ಎದೆ ಉಬ್ಬಿತು. ಅವರು ಮೂರು ಬೊಗಸೆ ರಸ ಕುಡಿದರು. ಅಂತರಾಯವಿಲ್ಲದೆ ಆಹಾರ ಮುಗಿಯಿತು. ದೊಡ್ಡವ್ವ ಗೋಡೆ ಹಿಡಿದು ನಿಂತು ಅತ್ತಳು.

ಮಧ್ಯಾಹ್ನ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಚಾಕು ಕೇಳಿ ಇಸಿದುಕೊಂಡಳು. ಬಾವಿ ಅಲ್ಲೇ ಪಕ್ಕದಲ್ಲಿತ್ತು, ನಾನು ಬಾವಿಗೂ ಅವಳಿಗೂ ನಡುವೆ ಹೋಗಿ ನಿಂತೆ. ಅವಳು ಅಲಗನ್ನು ಸೆರಗಿನಿಂದ ಒರೆಸಿ, ಮಡಚಿ, ತಾನೇ ನನ್ನ ಕಿಸೆಗೆ ಹಾಕಿದಳು. "ಹುಳ ಸಿಕ್ಕಿತಂತ ಕೊಡಾಕತ್ತಿಲ್ಲ, ತಿಳೀತೇನ? ನನ್ನ ಗಿಡದ್ದು ಹತ್ತ ಹಣ್ಣ ಛಲೋ ಅದಾವಂತ ಕೊಯ್ದ ತೋರಿಸಿದೆಲ್ಲ, ಅದಕ್ಕ ಕೊಡಾಕತ್ತೇನಿ."

ನಾನು ಪಿಳಿಪಿಳಿ ನೋಡಿದೆ. ಮೂರು ತಿಂಗಳಲ್ಲಿ ಏನೂ ಸಿಗಲಿಲ್ಲ ಎಂದು ಕೊರಗಿದ್ದೆನಲ್ಲ, ಆ ಪೇರಲ, ಆ ಬಾರಿ, ಆ ಚಿಕ್ಕು, ಎಲ್ಲದರಲ್ಲೂ ನನಗೆ ಸಿಕ್ಕದ್ದು ಇದೇ, ಹಣ್ಣು ಛಲೋ ಇದೆ ಎಂಬ ಸಾಕ್ಷಿ. ದೊಡ್ಡವ್ವ ಅಷ್ಟರಲ್ಲಿ ಗಿಡದಿಂದ ಇನ್ನೊಂದು ಬುಟ್ಟಿ ಹಣ್ಣು ಇಳಿಸಿ ನನ್ನ ಮುಂದೆ ತಂದಿಟ್ಟು, ಸೆರಗು ಸಿಕ್ಕಿಸಿ ಎದುರಿಗೇ ಕುಳಿತಳು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ ಮನೆ ನಮ್ಮದು, ಆದ್ದರಿಂದ ಬೇಗ ಬೇಗ ಕೊಯ್ದೆ. ಮೂವತ್ತೆರಡು ಹಣ್ಣು ಕೊಯ್ದೆ. ಒಂದರಲ್ಲೂ ಹುಳ ಇರಲಿಲ್ಲ. ಮೂವತ್ತೆರಡು ಸಲವೂ ನಾವಿಬ್ಬರೂ ಗೆದ್ದೆವು.