ಹೆಬ್ಬೆರಳಿನ ಅಡಿಯ ಸಾಲು
ಬಾಕ್ಸಿಂಗ್ ಶಾಲೆಯ ಮೆಟ್ಟಿಲ ಕೆಳಗೆ ಗುಳಿಗೆ ಡಬ್ಬಿಗಳ ಅಂಗಡಿ ಇಟ್ಟಿರುವ ಡಬ್ಬಿಯಣ್ಣನಿಗೆ ಗಿರಾಕಿಯ ಮೂಗು ನೋಡಿದರೆ ಸಾಕು, ಯಾವ ಡಬ್ಬಿ ಹೋಗುತ್ತದೆಂದು ಗೊತ್ತಾಗಿಬಿಡುತ್ತದೆ. ಮೂಗು ನೆಟ್ಟಗಿದ್ದವನಿಗೆ ಕಣ್ಣಿನ ಗುಳಿಗೆ; ಸೊಟ್ಟಗಿದ್ದವನಿಗೆ ಅದರ ಜೊತೆ ಮಿದುಳಿಗೆಂದು ಮೀನೆಣ್ಣೆಯ ಗುಳಿಗೆಯೂ. "ತಲೆ ಇರೋದು ಒಂದೇ ತಮ್ಮಾ, ಸ್ಪೇರ್ ಸಿಗಲ್ಲ" ಎನ್ನುತ್ತಾನೆ. ವಾಸನೆ ಎಂದು ಮುಖ ಕಿವುಚಿದವರಿಗೆ, "ಅಷ್ಟು ಗುದ್ದು ನುಂಗ್ತೀಯ, ಒಂದು ಗುಳಿಗೆ ನುಂಗೋಕಾಗಲ್ವಾ?" ಡಬ್ಬಿ ತೋರಿಸುವಾಗ ಮಾತ್ರ ಅವನ ಹೆಬ್ಬೆರಳು ತಳದ ಸಾಸಿವೆಗಾತ್ರದ ಅಕ್ಷರಗಳ ಮೇಲೆ ಬೇರುಬಿಟ್ಟಿರುತ್ತದೆ; ಹತ್ತು ವರ್ಷದಲ್ಲಿ ಆ ಸಾಲನ್ನು ಯಾವ ಗಿರಾಕಿಯೂ ಕಂಡಿಲ್ಲ. ಹೋದ ತಿಂಗಳು ಪಂದ್ಯದಲ್ಲಿ, ಅದೇ ಶಾಲೆಯಲ್ಲಿ ಬಾಕ್ಸಿಂಗ್ ಕಲಿಯುವ ಅವನ ಮಗಳ ಎಡಗಣ್ಣಿಗೇ ಗುದ್ದು ಬಿತ್ತು. ವಾರದ ಮೇಲೆ ಪಟ್ಟಿ ಬಿಚ್ಚಿಸಿಕೊಂಡು ಅವಳು ನೇರ ಅಂಗಡಿಗೆ ಬಂದಾಗ ಗಿರಾಕಿಗಳು ಕಿಕ್ಕಿರಿದಿದ್ದರು. "ಏನೂ ಆಗಿಲ್ಲ ಅಂದ್ರು ಡಾಕ್ಟ್ರು" ಎಂದರೂ ಅವನು ನಂಬಲಿಲ್ಲ. ಅವಳ ಬಲಗಣ್ಣು ಮುಚ್ಚಿ, ಡಬ್ಬಿ ಎತ್ತಿ ಹಿಡಿದು, ಹೆಬ್ಬೆರಳು ತೆಗೆದ. "ಓದು." "ಇದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ" ಎಂದು ಅವಳು ತಡವರಿಸದೆ ಓದಿದಳು. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಡಬ್ಬಿಯಣ್ಣ ಎತ್ತಿದ ಡಬ್ಬಿ ಇಳಿಸದೆ, ಕಣ್ಣೊರೆಸಿಕೊಳ್ಳುತ್ತ, "ಇನ್ನೊಂದ್ಸಲ ಓದಮ್ಮಾ, ಗಟ್ಟಿಯಾಗಿ" ಎಂದ.